ಬೂದಿಯ ಹರಿದ ಕಿವಿ ಯಾವುದು?

ಮೊನ್ನೆ ಮಧ್ಯಾಹ್ನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದೆ, ಫೋನು ಟಿಣ್ ಅಂತು. ನೋಡಿದರೆ ಫೋಟೋ ಇಟ್ಟುಕೊಳ್ಳುವ ಆ್ಯಪ್ಪು ತಾನಾಗಿಯೇ ಎರಡು ಚಿತ್ರ ಅಕ್ಕಪಕ್ಕ ಜೋಡಿಸಿ ಕೇಳುತ್ತಿದೆ: ಇವೆರಡೂ ಒಂದೇ ಬೆಕ್ಕಾ, ಬೇರೆ ಬೇರೆಯಾ? ಎರಡರಲ್ಲೂ ಬೂದು ಬಣ್ಣದ ಬೆಕ್ಕು. ಒಂದು ಹನೂರಿನ ಮನೆಯ ಕಿಟಕಿಯಲ್ಲಿ ನನ್ನ ಪಕ್ಕ ಕೂತಿದೆ, ಇನ್ನೊಂದು ಕೊಳ್ಳೇಗಾಲದ ಮನೆಯ ಮಂಚದ ಮೇಲೆ ಒರಗಿದೆ. ಅಲ್ಲಾ, ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ನಮ್ಮವ್ವನೂ ಒಂದಿಡೀ ಮಳೆಗಾಲ ತಲೆ ಕೆಡಿಸಿಕೊಂಡಿದ್ದೆವು. ಈಗ ಫೋನಿಗೂ ಅದೇ ಬೇಕಾಯಿತಾ! "ನಿನಗ್ಯಾಕೆ ಬೇಕು ಈ ಉಸಾಬರಿ" ಅಂತ ಬೈದು ಮಗುಚಿ ಹಾಕಿದೆ. ಪಕ್ಕದ ಟೇಬಲ್ಲಿನವರು ತಮಗೇ ಅಂದೆ ಅಂದುಕೊಂಡು ಮುಖ ಊದಿಸಿಕೊಂಡರು.

ಆ ವರ್ಷ ನಾನು ಹನೂರಿನ ಕರೆಂಟ್ ಆಫೀಸಿನಲ್ಲಿ ಬಿಲ್ ಕಟ್ಟಿಸಿಕೊಳ್ಳುವ ಕೌಂಟರಿನಲ್ಲಿದ್ದೆ. ದಿನವಿಡೀ ಕಿಂಡಿಯಾಚೆಯಿಂದ ಬೈಗುಳ. "ಏನ್ ಮೇಡಮ್ಮು, ಮನೇಲಿ ಕರೆಂಟೇ ಇಲ್ಲ, ಬಿಲ್ಲು ಮಾತ್ರ ಎಂಗ್ ಬತ್ತದೆ?" ಅನ್ನೋರು. ನನಗೂ ಬಾಯಿ ಸುಮ್ಮನಿರದು. "ನಮ್ಮನೇಲೂ ಇಲ್ಲ ಕಣ್ರಿ, ನಾನ್ಯಾರ ಕೇಳ್ಲಿ?" ಅನ್ನುತ್ತಿದ್ದೆ. ನಿಜವಾಗಿಯೂ ಇರುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ಕತ್ತಲು, ಬೆಟ್ಟದ ಕಡೆಯಿಂದ ಬೀಸುವ ಗಾಳಿ, ಮೇಣದಬತ್ತಿ. ಟಿವಿ ಇಲ್ಲ, ಫ್ಯಾನಿಲ್ಲ. ಆಗ ನಾನು ಹಿಡಿದುಕೊಂಡದ್ದು ಈ ಫೋಟೋ ತಿದ್ದುವ ಹುಚ್ಚು.

ಹುಚ್ಚೇ ಅದು. ಮೊದಲು ನನ್ನ ಮುಖದ ಮೊಡವೆ ಅಳಿಸಿದೆ. ಆಮೇಲೆ ಆಫೀಸಿನಲ್ಲಿ ಜೊತೆಗಿದ್ದ ಒಬ್ಬರ ಬೋಳುತಲೆಗೆ ಕೂದಲು ಬರಿಸಿದೆ. ಅವರು ಅದನ್ನೇ ಹೆಂಡತಿಗೆ ಕಳಿಸಿ ಉಗಿಸಿಕೊಂಡರು. ಮನುಷ್ಯರ ಸಹವಾಸ ಸಾಕಾಗಿ ಬೆಕ್ಕಿಗೆ ಇಳಿದೆ.

ಬೆಕ್ಕುಗಳು ಬಾಡಿಗೆ ಮನೆಯ ಜೊತೆಗೇ ಬಂದಿದ್ದವು. ಮನೆ ಓನರ್ ದುಂಡಮ್ಮ ಕೀಲಿ ಕೊಡುವಾಗಲೇ ಹೇಳಿದ್ದರು: "ಎರಡು ಬೆಕ್ಕವೆ ಕಣವ್ವ. ಓಡಿಸ್ಬ್ಯಾಡಿ, ಇಲಿ ಕಾಟ ಇರಾಕಿಲ್ಲ." ಒಂದು ಕರಿಯ. ಗಂಡು, ಶುದ್ಧ ಕಳ್ಳ, ಹಾಲಿನ ಪಾತ್ರೆಯ ಮೇಲೆ ಕಲ್ಲು ಹೇರಿದರೂ ಉರುಳಿಸುತ್ತಿತ್ತು. ಇನ್ನೊಂದು ಬೂದಿ. ಹೆಣ್ಣು, ಬೂದು ಮೈ, ಮೂಗಿನ ಪಕ್ಕದಲ್ಲಿ ನಶ್ಯ ಮೆತ್ತಿದ ಹಾಗೆ ಒಂದು ಕಂದು ಮಚ್ಚೆ. ಕರಿಯನ ಜೊತೆ ಜಗಳವಾಡಿ ಒಂದು ಕಿವಿಯ ತುದಿ ಹರಿದಿತ್ತು. ನಮ್ಮವ್ವ ಮೊದಮೊದಲು "ಥೂ, ಕೂದ್ಲು ಉದುರ್ತದೆ" ಅಂತ ಮೂಗು ಮುರಿದಳು. ತಿಂಗಳು ಕಳೆಯುವುದರೊಳಗೆ ಬೂದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಅವರೆಕಾಳು ಸುಲಿಯುತ್ತ ಊರ ಸುದ್ದಿಯೆಲ್ಲ ಹೇಳುವವಳಾದಳು. ನಾನು ಆಫೀಸಿಗೆ ಹೋದರೆ ಅವಳಿಗೆ ಮಾತಿಗೆ ಯಾರಿದ್ದರು? ಬೂದಿಯೇ ಮಗಳಾಯಿತು. ನನಗೆ ಉಪ್ಪು ಜಾಸ್ತಿಯಾದ ಸಾರು, ಬೂದಿಗೆ ಕೆನೆಮೊಸರು.

ಬೂದಿ ಫೋಟೋಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ನಾನು ತೆಗೆದೆ, ತಿದ್ದಿದೆ. ಮೂಗಿನ ಮಚ್ಚೆ ಕೊಳೆಯ ಹಾಗೆ ಕಾಣುತ್ತದೆ ಅಂತ ಅಳಿಸಿದೆ. ಹರಿದ ಕಿವಿಗೆ ತುದಿ ಬರೆದೆ. ಬೂದು ಮೈಯನ್ನು ಬೆಳ್ಳಿ ಮಾಡಿದೆ, ಕಣ್ಣಿಗೆ ಹಸಿರು ತುಂಬಿದೆ, ಹಿಂದಿದ್ದ ಒಲೆ, ಸೌದೆ ತೆಗೆದು ಹಿಮದ ಬೆಟ್ಟ ಇಟ್ಟೆ. ಫೋನಿನಲ್ಲಿ ಜಾಗ ಸಾಲದೆ ತಿದ್ದಿದ್ದನ್ನು ಇಟ್ಟುಕೊಂಡು ಮೂಲದ್ದನ್ನು ಅಳಿಸುತ್ತ ಹೋದೆ. ಅವ್ವನಿಗೆ ತೋರಿಸಿದರೆ ಕಣ್ಣು ಕಿರಿದು ಮಾಡಿ ನೋಡಿ, "ಇದ್ಯಾರ ಮನೆ ಬೆಕ್ಕು? ಬೋ ಚೆನ್ನಾಗದೆ" ಅನ್ನುತ್ತಿದ್ದಳು. ನಾನು ನಗುತ್ತಿದ್ದೆ. ಆಗ ಅದು ಹೊಗಳಿಕೆ ಅನ್ನಿಸಿತ್ತು.

ಆಷಾಢದಲ್ಲಿ ಕೊಳ್ಳೇಗಾಲಕ್ಕೆ ವರ್ಗ ಆಯಿತು. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ ಅಂತ ದುಂಡಮ್ಮ ಹೇಳಿದರು, ಅವ್ವ ಹೇಳಿದಳು, ತರಕಾರಿಯವಳೂ ಹೇಳಿದಳು. ಎಲ್ಲರೂ ಹೇಳಿದ್ದಕ್ಕೇ ನನಗೆ ಹಟ ಬಂತು. ಲಗೇಜ್ ಆಟೋ ಕರೆಸಿದೆ. ದುಂಡಮ್ಮ ಕೊನೆಗೆ, "ಓಗ್ಲೇಬೇಕು ಅಂದ್ರೆ ಬೆಕ್ಕುಗಳ್ನ ಗೋಣಿಚೀಲದಲ್ಲಿ ಬಾಯಿ ಕಟ್ಟಿ ತಕಂಡೋಗಿ. ಚೀಲನ ಮೂರು ಸಲ ಸುತ್ತು ತಿರುಗ್ಸಿ. ದಾರಿ ಕಂಡ್ರೆ ತಿರ್ಗ ಇಲ್ಲಿಗೇ ಬಂದ್ಬುಡ್ತವೆ" ಅಂದರು. ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ. ಒಂದೊಂದು ಚೀಲಕ್ಕೆ ಒಂದೊಂದು ಬೆಕ್ಕು ಹಾಕಿ, ಅವರೇ ಅಂಗಳದಲ್ಲಿ ನಿಂತು ಚೀಲ ತಿರುಗಿಸಿದರು. ಒಳಗಿಂದ ಬೂದಿ ಕೂಗಿದ್ದು ಕೇಳಿ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಕಾಮಗೆರೆ ದಾಟಿದೆವು. ಕರಿಯ ಗುರ್ ಅನ್ನುತ್ತ ಸುಮ್ಮನಾಗಿತ್ತು, ಬೂದಿ ಮಾತ್ರ ಒಂದೇ ಸಮ ಅರಚುತ್ತಿತ್ತು. ಮಧುವನಹಳ್ಳಿಯಲ್ಲಿ ಡ್ರೈವರ್ ಟೀ ಕುಡಿಯಲು ನಿಲ್ಲಿಸಿದ. ನಾನೂ ಇಳಿದೆ. ಹಿಂತಿರುಗಿ ನೋಡಿದರೆ ಅವ್ವ ಚೀಲದ ಬಾಯಿ ಸಡಿಲ ಮಾಡಿ, "ಉಸ್ರು ಕಟ್ತದೆ ಕಣೆ, ವಸಿ ಗಾಳಿ ಆಡ್ಲಿ" ಅನ್ನುತ್ತಿದ್ದಾಳೆ. "ಅವ್ವಾ ಬೇಡ" ಅನ್ನುವುದರೊಳಗೆ ಬೂದಿ ಅವಳ ಕೈ ಪರಚಿ ಹಾರಿ, ರಸ್ತೆ ದಾಟಿ, ಕಬ್ಬಿನ ಗದ್ದೆಗೆ ನುಗ್ಗಿತು. ಕತ್ತಲಾಗುವ ತನಕ ಕರೆದೆವು. ಕಬ್ಬು ಅಲ್ಲಾಡಿದ ಕಡೆಗೆಲ್ಲ ಓಡಿದೆವು, ಅದೆಲ್ಲ ಬರೀ ಗಾಳಿ. ಡ್ರೈವರ್ ಗೊಣಗಿದ. ಹೊರಟೆವು.

ಕೊಳ್ಳೇಗಾಲದ ಹೊಸ ಮನೆಯಲ್ಲಿ ಅವ್ವ ಊಟವನ್ನೇ ಮರೆತಳು. ಕರಿಯನಿಗೆ ಅನ್ನ ಹಾಕುವಾಗ ಪಕ್ಕದಲ್ಲಿ ಇನ್ನೊಂದು ತಟ್ಟೆ ಇಟ್ಟು, ತುಂಬಿದ್ದನ್ನು ಸಂಜೆ ಹೊರಗೆ ಚೆಲ್ಲುತ್ತಿದ್ದಳು. "ನನ್ ಕೈಯಿಂದ್ಲೇ ಓಯ್ತಲ್ಲೇ. ಸುಮ್ಕೆ ಕುಂತಿದ್ರೆ ಆಗ್ತಿತ್ತಲ್ಲ, ಪಾಪಿ ನಾನು" ಅಂತ ಪರಚಿದ ಗಾಯ ನೋಡಿಕೊಂಡು ಅಳುತ್ತಿದ್ದಳು. "ಬೆಕ್ಕು ಕಣವ್ವ, ಮಗು ಅಲ್ಲ" ಅಂತ ನಾನು ರೇಗಿದೆ. ರೇಗಿದ್ದು ನನಗೂ ತಡೆಯಲಾಗದೆ.

ಫೋನಿತ್ತಲ್ಲ, ಒಂದು ಪ್ರಕಟಣೆ ಮಾಡೋಣ ಅಂತ ಕೂತೆ. "ಬೆಕ್ಕು ಕಳೆದಿದೆ" ಅಂತ ಮೇಲೆ ಬರೆದು ಬೂದಿಯ ಫೋಟೋ ಹುಡುಕಿದೆ. ನೂರಾರು ಇದ್ದವು. ಎಲ್ಲದರಲ್ಲೂ ಬೆಳ್ಳಿ ಮೈ, ಹಸಿರು ಕಣ್ಣು, ನೆಟ್ಟನೆ ಎರಡು ಕಿವಿ. ಮಚ್ಚೆ ಎಲ್ಲೂ ಇಲ್ಲ. ಬೂದಿಯ ಗುರುತುಗಳನ್ನೆಲ್ಲ ನಾನೇ ಒಂದೊಂದಾಗಿ ಕೆರೆದು ತೆಗೆದಿದ್ದೆ! ಕಿವಿ ಹರಿದದ್ದು ಕಾಣುವ ಒಂದೇ ಒಂದು ಫೋಟೋ ಸಿಕ್ಕಿತು, ಅದು ನಾನು ಕಿಟಕಿಯ ಹತ್ತಿರ ಬೂದಿಯ ಜೊತೆ ತೆಗೆದುಕೊಂಡ ಸೆಲ್ಫಿ. ಅದರಲ್ಲಿ ಎಡಗಿವಿ ಹರಿದಿದೆ. ಆದರೆ ಆ ಸೆಲ್ಫಿಯಲ್ಲಿ ನನ್ನ ಮೂಗುಬೊಟ್ಟೂ ಬಲಗಡೆಗೆ ಬಂದಿದೆ, ನಾನು ಚುಚ್ಚಿಸಿಕೊಂಡಿರುವುದು ಎಡಗಡೆ. ಅಂದರೆ ಫೋಟೋ ಕನ್ನಡಿಯ ಹಾಗೆ ತಿರುಗಿದೆ, ಬೂದಿಯದು ಬಲಗಿವಿ.

"ಎಡಗಿವಿ ಕಣೆ" ಅಂದಳು ಅವ್ವ.

"ನಿನ್ ಎಡನಾ, ಅದರ ಎಡನಾ?"

"ಅದು ನನ್ ಕಡೀಕೆ ಮುಖ ಮಾಡ್ಕಂಡು ಕೂತ್ಕತಿತ್ತು. ಆಗ ಈ ಕೈ ಕಡೆ." ಅವ್ವ ಎಡಗೈ ಎತ್ತಿದಳು. ಆಮೇಲೆ ಅನುಮಾನ ಬಂದು ಬಲಗೈ ಎತ್ತಿದಳು. ಕೊನೆಗೆ ಎರಡನ್ನೂ ಇಳಿಸಿ, "ಅಪ್ಪಾ ಮಾದಪ್ಪ, ತಲೆ ಕೆಟ್ಟೋಯ್ತದೆ, ಬುಡು" ಅಂದಳು.

ಸೆಲ್ಫಿ ಬಿಟ್ಟು ತಿದ್ದಿದ ಫೋಟೋವನ್ನೇ ಹಾಕಿದ ಪ್ರಕಟಣೆ ವಾಟ್ಸಪ್ಪಿನಲ್ಲಿ ಊರೆಲ್ಲ ಸುತ್ತಿತು. ಬಂದ ಫೋನುಗಳೋ! ಒಬ್ಬರಿಗೆ ಆ ಜಾತಿಯ ಮರಿ ಬೇಕಂತೆ. ಇನ್ನೊಬ್ಬರು, "ಅಷ್ಟು ದುಬಾರಿ ಬೆಕ್ಕನ್ನ ಬೀದಿಗೆ ಯಾಕ್ರಿ ಬುಟ್ರಿ?" ಅಂತ ಗದರಿಸಿದರು. ಯಳಂದೂರಿನಿಂದ ಒಬ್ಬರು ಖಂಡಿತ ನಿಮ್ಮದೇ ಅಂದರು. ರಜೆ ಹಾಕಿ, ಬಸ್ಸು ಹತ್ತಿ, ಅವ್ವನನ್ನೂ ಕರೆದುಕೊಂಡು ಹೋದೆ. ಒಲೆಯ ಮುಂದಿನಿಂದ ಬೆಕ್ಕು ಎತ್ತಿ ತಂದರು. ಬೂದು ಬಣ್ಣವೇ. ಅವ್ವ ಮೈ ಸವರಿದಳು, ಕೈಯೆಲ್ಲ ಒಲೆಯ ಬೂದಿಯಾಗಿ ಒಳಗಿಂದ ಬಿಳಿ ಬೆಕ್ಕು ಹೊರಬಂತು. ಕಾಫಿ ಕುಡಿದು ವಾಪಸ್ಸು ಬಂದೆವು. ದಾರಿಯುದ್ದಕ್ಕೂ ಅವ್ವ ಕೈಗೆ ಮೆತ್ತಿದ್ದನ್ನು ಸೆರಗಿಗೆ ಒರೆಸುತ್ತಿದ್ದಳು.

ಶ್ರಾವಣದಲ್ಲಿ ಮಧುವನಹಳ್ಳಿಯ ಟೀ ಅಂಗಡಿಯವನೇ ಫೋನ್ ಮಾಡಿದ. "ಮೇಡಮ್ಮು, ಬನ್ನಿ. ಬೂದ್ ಬೆಕ್ಕು ಇಲ್ಲೇ ಬೆಂಚಿನ ಕೆಳ್ಗೆ ಬಿದ್ಕಂಡದೆ. ನೀವು ಕಳಿಸಿದ್ ಫೋಟೋದಂಗೇನಿಲ್ಲ ಬುಡಿ." ಓಡಿದೆವು. ಬಡಕಲಾಗಿತ್ತು. ಹೆಣ್ಣು. ಎಡಗಿವಿ ಹರಿದಿತ್ತು, ಅದರದ್ದೇ ಎಡ; ಸೆಲ್ಫಿಯ ಲೆಕ್ಕದಲ್ಲಿ ಬಲವಾಗಬೇಕಿತ್ತು. ಮೂಗಿನ ಮೇಲೆ ಹುಣ್ಣು ಕಟ್ಟಿ ಒಣಗಿತ್ತು, ಅದರಡಿ ಮಚ್ಚೆ ಇದೆಯೋ ಇಲ್ಲವೋ ದೇವರೇ ಬಲ್ಲ. ಅವ್ವ ಮಂಡಿಯೂರಿ "ಬೂದೀ" ಅಂದಳು. ಅದು ತಲೆ ಎತ್ತಿ ನೋಡಿತು, ಆಮೇಲೆ ಟೀ ಅಂಗಡಿಯವನನ್ನೂ ನೋಡಿತು. ಅವ್ವ ಎತ್ತಿಕೊಂಡಳು, ಸುಮ್ಮನೆ ಎತ್ತಿಸಿಕೊಂಡಿತು.

ಮನೆಗೆ ತಂದರೆ ಕರಿಯ ಬೆನ್ನು ಗೂನು ಮಾಡಿ ಬುಸುಗುಟ್ಟಿತು. "ನೋಡು, ಬೇರೆ ಬೆಕ್ಕು" ಅಂದೆ. ವಾರ ಕಳೆಯುವುದರೊಳಗೆ ಅದೇ ಕರಿಯ ಅದರ ಕಿವಿ ನೆಕ್ಕುತ್ತ ಕೂತಿತು. "ನೋಡು, ನಮ್ದೇ" ಅಂದಳು ಅವ್ವ. ಕೆನೆಮೊಸರು ಇಟ್ಟರೆ ಬೂದಿಯ ಹಾಗೆಯೇ ತಿಂದಿತು. ಕೆನೆಮೊಸರನ್ನು ಯಾವ ಬೆಕ್ಕು ಬೇಡ ಅನ್ನುತ್ತದೆ? ಹೆಸರು ಕೂಗಿದರೆ ಒಮ್ಮೆ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಹುಣ್ಣು ಮಾಯ್ದ ಜಾಗದಲ್ಲಿ ಕಂದು ಕಲೆ ಉಳಿಯಿತು. ಅದು ಹಳೇ ಮಚ್ಚೆಯೋ ಗಾಯದ ಗುರುತೋ ನನಗೆ ತಿಳಿಯಲಿಲ್ಲ. ಅವ್ವನಿಗೆ ಮಾತ್ರ ಜೀವ ಬಂತು. ಅವರೆಕಾಳು, ತೊಡೆ, ಊರ ಸುದ್ದಿ ಎಲ್ಲ ಮತ್ತೆ ಶುರುವಾಯಿತು. ಆ ಬೆಕ್ಕಿನ ಫೋಟೋ ತೆಗೆದೆ, ಯಾವುದನ್ನೂ ತಿದ್ದಲು ಮನಸ್ಸು ಬರಲಿಲ್ಲ.

ತೀರಿಕೊಂಡ ಹಿರಿಯರಿಗೆ ಎಡೆ ಇಡುವ ಮಾರ್ಲಾಮಿ ಹಬ್ಬ ಹತ್ತಿರ ಬಂದಾಗ ಒಂದು ಭಾನುವಾರ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಬಿಸಿಲಿಗೆ ಒಣಗಿದ ಮುಖ, ಬರಿ ಹಣೆ. "ಮಧುವನಳ್ಳಿಯಿಂದ ಬಂದಿವ್ನಿ ಕಣವ್ವ. ಶಿವಮ್ಮ ಅಂತ. ಟೀ ಅಂಗಡಿಯವ್ನು ಏಳ್ದ, ನೀವೊಂದು ಬೂದ್ ಬೆಕ್ಕು ತಕಂಡ್ ಬಂದ್ರಂತೆ. ಅದು ನಮ್ಮನೇದೇನೋ ಅಂತ."

ಅವ್ವ ತೊಡೆಯ ಮೇಲಿನ ಬೆಕ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಶಿವಮ್ಮನವರ ಗಂಡ ಬೇಸಗೆಯಲ್ಲಿ ತೀರಿಕೊಂಡಿದ್ದರು. ಆ ಬೆಕ್ಕು ಅವರದ್ದು. ದಿನಾ ಸಂಜೆ ಜಗಲಿಯ ಮೇಲೆ ಅವರ ತೊಡೆಯಲ್ಲೇ ಇರುತ್ತಿತ್ತಂತೆ. ಮಣ್ಣು ಮಾಡಿ ಬಂದ ದಿನ ಜನ, ತಮಟೆ ಸದ್ದಿಗೆ ಹೆದರಿ ಹೋದದ್ದು ಮತ್ತೆ ಬರಲಿಲ್ಲ.

"ಕಿವಿ ಹರಿದಿತ್ತಾ?" ಅಂತ ಕೇಳಿದೆ.

"ಏನೋ ವಸಿ ಹರ್ದಂಗಿತ್ತು. ಯಾವ ಕಿವಿ ಅಂತ ನಾನೆಲ್ಲಿ ನೋಡಿದ್ದೆ ಕೂಸು? ಗಂಡೋ ಎಣ್ಣೋ ಅದೂ ಗೊತ್ತಿಲ್ಲ. ಅವ್ರು ‘ಬಾ ಸಾಮಿ’ ಅನ್ನೋರು, ಅದು ಬರೋದು." ಆಮೇಲೆ ಅವ್ವನ ಕಡೆ ತಿರುಗಿ ಮೆಲ್ಲಗೆ ಅಂದರು: "ಅವ್ರು ಓದಾಗ ನಂಗೆ ಕಣ್ಣೀರೇ ಬರ್ಲಿಲ್ಲ ಕಣಕ್ಕ. ಇವತ್ಗೂ ಬಂದಿಲ್ಲ. ಕಲ್ಲಾಗೋಗಿವ್ನಿ. ಊರೋರು ಏನೇನೋ ಆಡ್ಕತಾರೆ."

ಅವರ ಹತ್ತಿರ ಒಂದು ಫೋಟೋ ಇತ್ತು. ತಮ್ಮನ ಮಗ ಯಾವಾಗಲೋ ಮಬ್ಬುಗತ್ತಲಲ್ಲಿ ತೆಗೆದದ್ದು. ಜಗಲಿ, ಅದರ ಮೇಲೆ ಅಲುಗಾಡಿದ ಹಾಗೆ ಒಬ್ಬ ಮನುಷ್ಯ, ತೊಡೆಯಲ್ಲಿ ಬೂದು ಬಣ್ಣದ ಒಂದು ಮುದ್ದೆ. "ನೀನು ಫೋಟೋ ರಿಪೇರಿ ಮಾಡ್ತೀಯಂತಲ್ಲ, ಇದ್ನ ವಸಿ ಕಿಲೀರ್ ಮಾಡು. ಬೆಕ್ಕಿನ ಮೊಕ ಕಂಡ್ರೆ ಗೊತ್ತಾಯ್ತದೆ" ಅಂದರು.

ಸರಿ, ನನ್ನ ವಿದ್ಯೆಗೆ ಕೊನೆಗೂ ಒಂದು ಉಪಯೋಗ ಬಂತಲ್ಲ ಅಂತ ಕೂತೆ. ಮಸುಕಾದ ಚಿತ್ರವನ್ನು ತಿಳಿ ಮಾಡುವ ಗುಂಡಿ ಒಂದಿದೆ, ಒತ್ತಿದೆ. ಮುದ್ದೆಗೆ ಮುಖ ಬಂತು, ಎಡಗಿವಿ ಹರಿದ ಬೆಕ್ಕು! ಶಿವಮ್ಮನವರದ್ದೇ ಅಂತಾಯಿತಲ್ಲ. ಖಾತ್ರಿಗೆ ಅಂತ ಮೊದಲಿನಿಂದ ಇನ್ನೊಮ್ಮೆ ಒತ್ತಿದೆ. ಈ ಸಲ ಎರಡು ಕಿವಿಯೂ ನೆಟ್ಟಗೆ. ಮೂರನೇ ಸಲಕ್ಕೆ ಮೈಮೇಲೆ ಹುಲಿಪಟ್ಟೆ. ಮಸುಕಿನಲ್ಲಿ ಇಲ್ಲದ್ದನ್ನು ಆ ಹಾಳಾದ್ದು ಕಲ್ಪಿಸಿ ಕಲ್ಪಿಸಿ ಬರೆಯುತ್ತಿತ್ತು. ಒಂದು ಬೆಕ್ಕು ಕೇಳಿದರೆ ಮೂರು ಬೆಕ್ಕು ಕೊಟ್ಟಿತು!

ಶಿವಮ್ಮ ಬೆಕ್ಕನ್ನು ನೋಡಲೇ ಇಲ್ಲ. ಗಂಡನ ಮುಖದ ಮೇಲೆ ಬೆರಳಿಟ್ಟರು. ತುಂಬಿದ ಕೆನ್ನೆ, ಸಾಲಾಗಿ ಬಿಳಿ ಹಲ್ಲು. "ಇದ್ಯಾರು ಕೂಸು?"

"ನಿಮ್ಮ ಯಜಮಾನ್ರೇ ಶಿವಮ್ಮೋರೆ."

"ಅಲ್ಲ ಕಣವ್ವ. ನಮ್ಮೋರ್ಗೆ ಮುಂದ್ಲು ಹಲ್ಲೇ ಇರ್ಲಿಲ್ಲ." ಗಾಬರಿಯಾಗಿ ಹಳೆಯ ಮಸುಕು ಫೋಟೋ ತೆರೆದು ಕೊಟ್ಟೆ. ಅವರು ಉಸಿರು ಬಿಟ್ಟು, "ಊಂ. ಇವ್ರು" ಅಂದರು.

ಬೆಕ್ಕಿನ ವಿಷಯ ಅಲ್ಲಿಗೇ ನಿಂತಿತು. ಬೆಕ್ಕೋ, ಇಬ್ಬರ ನಡುವೆ ಮೈ ನೆಕ್ಕಿಕೊಳ್ಳುತ್ತ ಕೂತಿತ್ತು. "ಬಾ ಸಾಮಿ" ಅಂದರೆ ಕಿವಿ ಅಲ್ಲಾಡಿಸಿತು, "ಬೂದೀ" ಅಂದರೂ ಅಲ್ಲಾಡಿಸಿತು. ಕೊನೆಗೆ ಶಿವಮ್ಮನೇ ಹೇಳಿದರು: "ಮಾರ್ಲಾಮಿ ದಿನ ಅವ್ರ್ಗೆ ಮೊದಲ್ನೇ ಎಡೆ ಇಕ್ತೀವಿ. ಒಂದಿನ ಕರ್ಕಂಡ್ ಬನ್ನಿ ಅಕ್ಕ. ಮನೆ ಗುರ್ತು ಸಿಕ್ರೆ ಅದೇ ಏಳ್ತದೆ. ಸಿಕ್ಕದಿದ್ರೆ ನಿಮ್ದೇ, ತಿರ್ಗ ನಾನು ಕೇಳಾಕಿಲ್ಲ."

ಅವ್ವ ತಕ್ಷಣ "ಆಗ್ಲಿ ಬುಡಿ" ಅಂದಳು. ಅವರು ಹೋದ ಮೇಲೆ ನನ್ನ ಮೇಲೆ ಹರಿಹಾಯ್ದಳು. "ನೀನ್ಯಾಕೆ ಆಗಲ್ಲ ಅನ್ಲಿಲ್ಲ? ಆಫೀಸ್ನಲ್ಲಿ ಅಷ್ಟ್ ಜನದ್ ಬಾಯಿ ಮುಚ್ಚುಸ್ತೀಯ!" ನನಗೋ, ಒಂದು ಸಲ ಅದು ಬೂದಿಯೇ ಅನ್ನಿಸುತ್ತಿತ್ತು, ಇನ್ನೊಂದು ಸಲ ಯಾರದ್ದೋ ಮನೆಯ ಬೆಕ್ಕನ್ನು ಕದ್ದು ತಂದು ಸಾಕಿದ್ದೇವೆ ಅನ್ನಿಸುತ್ತಿತ್ತು. ಅವ್ವನ ತೊಡೆ ಮತ್ತೆ ಖಾಲಿಯಾದರೆ ಅವಳು ಏನಾಗುತ್ತಾಳೋ ಅನ್ನುವ ಭಯ ಮಾತ್ರ ನಿಚ್ಚಳವಾಗಿತ್ತು.

ಹಬ್ಬದ ದಿನ ವೈರಿನ ಬುಟ್ಟಿಯಲ್ಲಿ ಹಳೇ ಸೀರೆ ಹಾಸಿ ಬೆಕ್ಕನ್ನು ಕೂರಿಸಿಕೊಂಡು ಹೋದೆವು. ಗೋಣಿಚೀಲ ಅಂದರೆ ಅವ್ವ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಶಿವಮ್ಮನವರ ಮನೆಯಲ್ಲಿ ವಡೆ, ಪಾಯಸದ ವಾಸನೆ. ನಡುಮನೆಯಲ್ಲಿ ಕಳಸ, ಬಾಳೆಲೆಯ ತುಂಬ ಎಡೆ, ಒಂದು ಕಟ್ಟು ಬೀಡಿ. ಪಕ್ಕದಲ್ಲಿ ತೀರಿಹೋದವರಿಗೆ ಅಂತ ಮಡಿಸಿಟ್ಟ ಹೊಸ ಪಂಚೆ, ಅಂಗಿ, ಟವೆಲ್ಲು. ಗೋಡೆಗೆ ಫೋಟೋ ಇರಲಿಲ್ಲ.

ಬುಟ್ಟಿಯ ಬಾಯಿ ಬಿಚ್ಚಿದೆವು. ಮೂವರೂ ಪಕ್ಕಕ್ಕೆ ಸರಿದು ನಿಂತೆವು. ಬೆಕ್ಕು ಹೊಟ್ಟೆ ನೆಲಕ್ಕೊತ್ತಿ ಹೊರಬಂತು. ಮಂಚದ ಕೆಳಗೆ ಹೋಯಿತು, ರಾಗಿ ಡ್ರಮ್ಮಿನ ಸಂದಿಗೆ ಹೋಯಿತು, ಜಗಲಿಯ ಬಾಗಿಲ ತನಕ ಹೋಗಿ ಮೂಸಿ ಹಿಂದಕ್ಕೆ ಬಂತು. ಹೊಸ ಮನೆಗೆ ಬಂದ ಹಾಗೂ ಇತ್ತು, ಹಳೇ ಮನೆಯಲ್ಲಿ ಯಾರನ್ನೋ ಹುಡುಕುವ ಹಾಗೂ ಇತ್ತು. ಅವ್ವ ನನ್ನ ಮುಂಗೈ ಹಿಡಿದಿದ್ದಳು, ಬಳೆ ಒತ್ತಿ ನೋಯುತ್ತಿತ್ತು. ಬೆಕ್ಕು ಎಡೆಯ ಹತ್ತಿರ ಬಂತು. ಪಾಯಸದ ಕಡೆ ನೋಡಲಿಲ್ಲ. ಹೊಸ ಪಂಚೆಯ ಮೇಲೆ ಹತ್ತಿ, ಮುಂಗಾಲಲ್ಲಿ ನಾದಿ, ಒಂದು ಸುತ್ತು ಸುತ್ತಿ ಮಲಗಿತು.

"ಅಯ್ಯೋ ಸಾಮೀ" ಅಂದರು ಶಿವಮ್ಮ. ಗೋಡೆ ಹಿಡಿದು ಕುಸಿದು ಕೂತರು. ಆಮೇಲೆ ಬಂದ ಅಳು, ಅಬ್ಬಾ, ನಾನು ಅಂಥ ಅಳು ಕೇಳಿರಲಿಲ್ಲ. "ಅವ್ರ್ ತೊಡೆ ಅಂದ್ಕಂಡು ಮಲಿಕಂಡದೆ ನೋಡಕ್ಕ, ಅವ್ರ್ ತೊಡೆ ಅಂದ್ಕಂಡು!" ಅಂತ ಎದೆ ಬಡಿದುಕೊಂಡು ಅತ್ತರು. ಪಕ್ಕದ ಮನೆಯವರು ಬಂದು ಬಾಗಿಲಲ್ಲೇ ನಿಂತರು.

ಮಡಿಸಿಟ್ಟ ಹೊಸ ಬಟ್ಟೆ ಕಂಡರೆ ಯಾವ ಬೆಕ್ಕಾದರೂ ಮಲಗುತ್ತದೆ. ನಾನು ಇಸ್ತ್ರಿ ಮಾಡಿಟ್ಟ ಸೀರೆಗಳ ಮೇಲೆ ಬೂದಿ ಮಲಗುತ್ತಿತ್ತು, ಕರಿಯನೂ ಮಲಗುತ್ತಿತ್ತು. ಹಾಗೆ ಹೇಳೋಣ ಅಂತ ಬಾಯಿ ತೆರೆದೆ. ಅವ್ವ ನನ್ನ ಕೈ ಹಿಂಡಿದಳು. ಶಿವಮ್ಮನವರ ಪಕ್ಕ ಕೂತು, ಅವರ ಬೆನ್ನು ಸವರುತ್ತ, "ನಿಮ್ದೇ ಕಣ್ ತಾಯಿ. ಗುರ್ತು ಇಡೀತಲ್ಲ. ಇಟ್ಕಳಿ" ಅಂದಳು. ಬೆಕ್ಕನ್ನು ಮುಟ್ಟಲಿಲ್ಲ. ಎಲೆಯ ಮುಂದೆ ಕೂರಿಸಿದರೆ ಎರಡು ವಡೆ ತಿಂದಳು, ಚೆನ್ನಾಗಿವೆ ಅಂದಳು.

ಖಾಲಿ ಬುಟ್ಟಿ ಹಿಡಿದು ಬಸ್ಸು ಹತ್ತಿದೆವು. ಹಬ್ಬದ ದಿನ, ಸೀಟು ಖಾಲಿಯಿದ್ದವು. ನನಗೆ ಸುಮ್ಮನಿರಲು ಆಗಲಿಲ್ಲ. "ಬಟ್ಟೆ ಕಂಡ್ರೆ ಅವು ಮಲಗ್ತವೆ ಅಂತ ನಿಂಗೆ ಗೊತ್ತಿತ್ತಲ್ಲವ್ವ."

"ಗೊತ್ತಿತ್ತು."

"ಮತ್ತೆ?"

"ಆಯಮ್ಮಂಗೆ ಅಳು ಬಂತಲ್ಲ. ಅದ್ನ ತಿರ್ಗ ಒಳೀಕ್ ಕಳ್ಸಕಾಯ್ತದಾ?"

"ಅಂಗಾದ್ರೆ ಅದು ಬೂದಿನೇನಾ? ನಮ್ ಬೂದಿನೇ ಕೊಟ್ಟು ಬಂದ್ವಾ? ಇಲ್ಲ, ಬೂದಿ ಆ ಕಬ್ಬಿನ ಗದ್ದೇಲೇ ಸತ್ತು..."

"ಮುಚ್ಚೇ ಬಾಯಿ" ಅಂದಳು ಅವ್ವ. ಆಮೇಲೆ ಬುಟ್ಟಿಯೊಳಗಿನ ಹಳೇ ಸೀರೆಗೆ ಮುಖ ಒತ್ತಿ, ಬಸ್ಸಿನಲ್ಲಿ ಜನರಿದ್ದಾರೆ ಅನ್ನುವುದನ್ನೂ ಮರೆತು, ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಆಧಾರ್ ನೋಡಿ ಟಿಕೆಟ್ ಕೊಡಲು ಬಂದ ಕಂಡಕ್ಟರ್ ನಮ್ಮಿಬ್ಬರನ್ನೂ ನೋಡಿ ಪಾಪ ದನಿ ತಗ್ಗಿಸಿದ. "ಯಾಕಜ್ಜಿ, ಯಾರು ಓಗ್ಬುಟ್ರು?"

ಅವ್ವ ಸೀರೆಯಿಂದ ಮುಖ ಎತ್ತಿದಳು.

"ಅದೇ ಗೊತ್ತಾಯ್ತಾ ಇಲ್ಲ ಕಣಪ್ಪ."